ನರಿ ನಿಂತ ಜಾಗ

“ಮುಟ್ಟಬೇಡಿ. ಇನ್ನೂ ಎರಡು ತಂತಿ ಬಾಕಿ.”

ದನಿ ಬಂದದ್ದು ಪಿಯಾನೋದ ಹೊಟ್ಟೆಯೊಳಗಿನಿಂದ. ಕೀಗಳ ಮೇಲೆ ಇಳಿಯಬೇಕಿದ್ದ ಶಿಹೋಳ ಬೆರಳುಗಳು ಗಾಳಿಯಲ್ಲೇ ನಿಂತವು.

ಎತ್ತಿ ನಿಲ್ಲಿಸಿದ್ದ ಮುಚ್ಚಳದ ಹಿಂದಿನಿಂದ ಒಂದು ತಲೆ ಮೇಲೆದ್ದಿತು. ಕೆದರಿದ ಕೂದಲು, ಹೆಗಲ ಮೇಲೆ ಕೆಂಪು ಫೆಲ್ಟ್ ಬಟ್ಟೆಯ ಪಟ್ಟಿ, ಕೈಯಲ್ಲಿ ತಂತಿ ಬಿಗಿಯುವ ಶ್ರುತಿ ಕೀಲಿ. ಸಂಗೀತ ಶಾಲೆಯ ಪಿಯಾನೋಗಳಿಗೆ ಶ್ರುತಿ ಮಾಡಲು ಹೊಸಬರೊಬ್ಬರು ಬರುತ್ತಾರೆಂದು ಆಫೀಸಿನಲ್ಲಿ ಹೇಳಿದ್ದು ಶಿಹೋಗೆ ಆಗ ನೆನಪಾಯಿತು.

“ಮೂರೂವರೆಗೆ ನನ್ನ ಪಾಠ ಇದೆ,” ಅಂದಳು.

“ಈಗ ಮೂರು ಇಪ್ಪತ್ತು.”

“ಅದಕ್ಕೇ ಹೇಳ್ತಿರೋದು.”

“ಹತ್ತು ನಿಮಿಷ ಸುಮ್ನೆ ಕೂತ್ಕೊಳ್ಳೋಕೆ ಆಗಲ್ವಾ ನಿಮಗೆ?”

ಆಗುತ್ತಿರಲಿಲ್ಲ. ನಿಜ ಹೇಳಬೇಕೆಂದರೆ ಶಿಹೋ ನಿಶಿನೋಗೆ ಹತ್ತು ಸೆಕೆಂಡು ಸುಮ್ಮನೆ ಕೂರುವುದೂ ಕಷ್ಟವೇ. ಮೂವತ್ತೊಂದು ವರ್ಷದ ಟೀಚರಮ್ಮ, ಬಸ್ ಬರುವ ಮುಂಚೆಯೇ ಬಸ್ಸಿನ ಬಾಗಿಲಿಗೆ ಕೈ ಚಾಚುವ ಜಾತಿ. ಯಾರಾದರೂ ಮಾತು ನಿಲ್ಲಿಸಿದರೆ ಉಳಿದರ್ಧ ವಾಕ್ಯವನ್ನು ಇವಳೇ ಮುಗಿಸಿಕೊಡುತ್ತಿದ್ದಳು. ಎಷ್ಟೋ ಸಲ ತಪ್ಪಾಗಿ.

ಕುರ್ಚಿಯಲ್ಲಿ ಕೂತಳು. ಹೊರಗೆ ಹಮಾಮಾತ್ಸು ಊರಿನ ಚಳಿಗಾಲದ ಒಣಗಾಳಿ ಕಿಟಕಿಗಳನ್ನು ಅಲ್ಲಾಡಿಸುತ್ತಿತ್ತು. ಬೆರಳುಗಳು ತಾವಾಗಿಯೇ ಕುರ್ಚಿಯ ಅಂಚಿನ ಮೇಲೆ ಕುಣಿಯತೊಡಗಿದವು.

“ನರಿ ಅಂಚೆಯಣ್ಣ,” ಅಂದಿತು ಮುಚ್ಚಳದ ಹಿಂದಿನ ದನಿ. “ಹಿಮನದಿ ಹಂತ.”

ಶಿಹೋಳ ಬೆರಳು ಗಪ್ಪೆಂದು ನಿಂತಿತು. ಅದು ಮೂವತ್ತು ವರ್ಷದ ಹಿಂದಿನ ಒಂದು ವಿಡಿಯೋ ಆಟ. ಚೀಲ ಹೊತ್ತ ನರಿಯೊಂದು ಹಳ್ಳ ಹಾರಿ, ಹಿಮ ಹಾರಿ ಕಾಗದ ತಲುಪಿಸುವ ಆಟ. ಅದರ ಸಂಗೀತವನ್ನು ಬರೀ ಕುಟ್ಟಿದ ಸದ್ದಿನಲ್ಲೇ ಗುರುತು ಹಿಡಿಯುವುದೆಂದರೆ...

“ಹೋದ ತಿಂಗಳು ನೀವು ಅದನ್ನ ಪಿಯಾನೋದಲ್ಲಿ ನುಡಿಸಿ ವಿಡಿಯೋ ಹಾಕಿದ್ರಿ, ಅಲ್ವಾ?”

ಶಿಹೋಳ ಕೆನ್ನೆ ಕಾದುಹೋಯಿತು. ಆಟಗಳ ಸಂಗೀತ ನುಡಿಸಿ ವಿಡಿಯೋ ಹಾಕುವವರು ಮುಖ ತೋರಿಸುವುದಿಲ್ಲ, ಹೆಸರು ಹೇಳುವುದಿಲ್ಲ. ಕಾಣುವುದು ಎರಡು ಕೈ ಮಾತ್ರ. ಇವಳ ಈ ಹುಚ್ಚು ಶಾಲೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

“ಅದು ನಾನೇ ಅಂತ ಹೇಗೆ ಹೇಳ್ತೀರಿ?”

“ವಿರಾಮ ಬಂದಾಗ ನೀವು ಕಾಯಲ್ಲ. ಮುಂದಿನ ಸ್ವರಕ್ಕೆ ಓಡಿಬಿಡ್ತೀರಿ. ಕುರ್ಚಿ ಮೇಲೂ ಹಾಗೇ ಓಡಿದ್ರಿ.”

‘ಎಂಥ ಸೊಕ್ಕು ಈ ಮನುಷ್ಯನಿಗೆ... ಆದರೆ ಎಂಥ ಕಿವಿ!’

“ಅಷ್ಟು ಕೆಟ್ಟದಾಗಿದ್ರೆ ಯಾಕೆ ನೋಡ್ತೀರಿ?”

ಅವನು ತಂತಿಯನ್ನು ಒಂದು ಕೂದಲೆಳೆಯಷ್ಟು ಬಿಗಿದ. ಆಮೇಲೆ ಹೇಳಿದ. “ಆ ರಾಗವನ್ನ ಐವತ್ತು ಜನ ನುಡಿಸಿದ್ದು ಕೇಳಿದೀನಿ. ನರಿಗೆ ತಡವಾಗ್ತಿದೆ, ಯಾರೋ ಕಾಗದಕ್ಕೆ ಕಾಯ್ತಿದ್ದಾರೆ ಅಂತ ಅನ್ಸೋದು ನಿಮ್ಮದ್ರಲ್ಲಿ ಮಾತ್ರ.”

ಶಿಹೋ ಬೆರಳುಗಳನ್ನು ಮಡಿಲಲ್ಲಿ ಮಡಚಿಟ್ಟು ಕೂತಳು. ಅವಳ ಬದುಕಿನಲ್ಲಿ ಅದು ಅಪರೂಪದ ಸಂಗತಿ.

ಅವನು ಹೊರಗೆ ಬಂದು ಕೈ ಒರೆಸಿಕೊಂಡು ಬಗ್ಗಿ ವಂದಿಸಿದ. “ಮಸಾಕಿ ತೆರಾದಾ. ನಿಮ್ಮಿಂದ ಒಂದು ಉಪಕಾರ ಆಗ್ಬೇಕು, ನಿಶಿನೋ-ಸಾನ್.” ಮನೆತನದ ಹೆಸರಿಗೆ ಮರ್ಯಾದೆಯ ‘ಸಾನ್’ ಸೇರಿಸಿ ಕರೆದವನು ಚೀಲದಿಂದ ಕೈಬರಹದ ಸ್ವರಲಿಪಿಯ ಆರು ಹಾಳೆ ತೆಗೆದ. “ಅದೇ ರಾಗ. ಪಿಯಾನೋಗೆ ಅಂತ ನಾನೇ ಹೊಂದಿಸಿದ್ದು. ತಂತಿ ಬಿಗಿಯೋಕೆ ಬರುತ್ತೆ, ನುಡಿಸೋಕೆ ಬರಲ್ಲ ನನಗೆ. ನೀವು ಕಲ್ತು, ರೆಕಾರ್ಡ್ ಮಾಡಿಕೊಡ್ಬೇಕು. ಇನ್ನು ಹನ್ನೆರಡೇ ದಿನ.”

ಮೊದಲ ಹಾಳೆಯ ತಲೆಯಲ್ಲಿ ಪುಟ್ಟ ಅಕ್ಷರಗಳಿದ್ದವು. ‘ಮಿಚಿರುವಿಗೆ, ಮದುವೆಯ ದಿನ.’

‘ಯಾರು ಈ ಮಿಚಿರು?’ ಕೇಳಬೇಕೆಂದುಕೊಂಡಳು. ಅಷ್ಟರಲ್ಲಿ ಮೂರೂವರೆಯಾಯಿತು.

ಶಿಹೋಗೆ ಗೊತ್ತಿಲ್ಲದ್ದನ್ನು ನಿಮಗೆ ಈಗಲೇ ಹೇಳಿಬಿಡುತ್ತೇನೆ. ಬಚ್ಚಿಟ್ಟು ಆಟವಾಡಿಸುವುದು ನನಗೆ ಹಿಡಿಸದು. ಮಿಚಿರು ಮಸಾಕಿಯ ಅಕ್ಕ. ಚಿಕ್ಕಂದಿನಲ್ಲಿ ಅಕ್ಕ ನರಿಯನ್ನು ಆಡಿಸುವಾಗ ತಮ್ಮ ಟಿವಿಯ ಮುಂದೆ ಟೇಪ್ ರೆಕಾರ್ಡರ್ ಇಟ್ಟು ಆ ಸಂಗೀತವನ್ನು ಹಿಡಿದಿದ್ದ. ಈಗ ಮೂವತ್ತೆಂಟನೇ ವಯಸ್ಸಿನಲ್ಲಿ ಅಕ್ಕನಿಗೆ ಮದುವೆ. “ಊಟದ ಹೊತ್ತಲ್ಲಿ ಆ ಟೇಪ್ ಹಾಕಿಸು ಮಸಾಕಿ, ನನಗೆ ಬೇರೇನೂ ಬೇಡ,” ಅಂದಿದ್ದಳು. ಅವನು ಹೂಂ ಅಂದಿದ್ದ. ಆದರೆ ಎರಡು ವರ್ಷದ ಹಿಂದೆಯೇ, ಅವನ ಕೈಯಲ್ಲೇ, ಆ ಟೇಪನ್ನು ಹಳೆಯ ರೆಕಾರ್ಡರೊಂದು ಜಗಿದು ಹಾಕಿತ್ತು. ಅದನ್ನು ಅಕ್ಕನಿಗೆ ಹೇಳುವ ಧೈರ್ಯ ಅವನಿಗೆ ಇವತ್ತಿನವರೆಗೂ ಬಂದಿರಲಿಲ್ಲ.

ಅವನ ಕಿವಿಯಲ್ಲಿ ಉಳಿದದ್ದಷ್ಟೇ ಆ ಆರು ಹಾಳೆಯಲ್ಲಿತ್ತು.

* * *

ಮೊದಲ ಸಂಜೆಯೇ ಶಿಹೋಗೆ ಕಿರಿಕಿರಿಯಾಯಿತು.

ಸ್ವರಲಿಪಿಯ ತುಂಬಾ ತೂತುಗಳು! ರಾಗ ಚೆನ್ನಾಗಿ ಓಡುತ್ತಿರುವಾಗ ಇದ್ದಕ್ಕಿದ್ದಂತೆ ಒಂದು ಸ್ವರ ಮಾಯ. ಎರಡು ಹೆಜ್ಜೆ ಮುಂದೆ ಇನ್ನೊಂದು ಮಾಯ. ಎಣಿಸಿದಳು, ಹದಿನೇಳು ಕಡೆ. ಐದನೇ ಹಾಳೆಯಲ್ಲಂತೂ ಎರಡೂ ಕೈ ಎತ್ತಿ ಪೂರ್ತಿ ಎಂಟು ಸೆಕೆಂಡು ಖಾಲಿ ಕೂರಬೇಕು. ಆಮೇಲೆ, ಏನೂ ಆಗಿಲ್ಲವೆಂಬಂತೆ, ನಿಂತಲ್ಲಿಂದಲೇ ರಾಗ ಮುಂದುವರಿಯುತ್ತದೆ.

ಈ ರಾಗ ಅವಳಿಗೆ ಬಾಯಿಪಾಠ. ಮನೆಯಲ್ಲಿ ಆಟದ ಯಂತ್ರ ತರಲು ಅವಳ ಅಮ್ಮ ಬಿಟ್ಟಿರಲಿಲ್ಲ. ಗೆಳತಿಯೊಬ್ಬಳು ಕೊಟ್ಟ ಸಿ.ಡಿ.ಯಲ್ಲಿ ಸಂಗೀತವನ್ನಷ್ಟೇ ನೂರಾರು ಸಲ ಕೇಳಿ ಬೆಳೆದವಳು. ಆ ಸಿ.ಡಿ.ಯಲ್ಲಿ ಒಂದೇ ಒಂದು ತೂತಿರಲಿಲ್ಲ.

‘ಪಾಪ, ನೆನಪಿನಿಂದ ಬರೆದಿದ್ದಾನೆ... ಅಲ್ಲಲ್ಲಿ ಮರೆತಿದ್ದಾನೆ.’

ಪಾಠ ಮುಗಿದ ಮೇಲೆ ಅವನು ಪಿಯಾನೋ ನೋಡುವ ನೆಪದಲ್ಲಿ ಬರುತ್ತಿದ್ದ. ಬಂದವನು ಮೂಲೆಯಲ್ಲಿ ಕೂತು ಕೇಳುತ್ತಿದ್ದ. ಇಬ್ಬರೂ ರೈಲು ನಿಲ್ದಾಣದ ಹತ್ತಿರ ಗ್ಯೋಝಾ ಎಂಬ ಹುರಿದ ಕಡುಬು ತಿನ್ನಲು ಹೋಗುವುದು ರೂಢಿಯಾಯಿತು. ದುಂಡಗೆ ಜೋಡಿಸಿದ ಗ್ಯೋಝಾ, ನಡುವೆ ಬೇಯಿಸಿದ ಮೊಳಕೆಕಾಳಿನ ಗುಪ್ಪೆ. ಅವಳು ಮಾತಾಡುತ್ತಿದ್ದಳು. ಅವನು ತನ್ನ ಪಾಲಿನ ಮೊಳಕೆಯನ್ನು ಸದ್ದಿಲ್ಲದೆ ಅವಳ ಕಡೆ ಸರಿಸುತ್ತಿದ್ದ.

“ನನಗೆ ಮೊಳಕೆ ಇಷ್ಟ ಅಂತ ಯಾವಾಗ ಹೇಳ್ದೆ?”

“ಹೇಳಿಲ್ಲ. ನೀವು ಮೊದ್ಲು ಅದನ್ನೇ ತಿಂತೀರಿ.”

ತಿಂಗಳುಗಟ್ಟಲೆ ಜೊತೆಗಿದ್ದವರೂ ಇದನ್ನು ಗಮನಿಸಿರಲಿಲ್ಲ. ಆ ರಾತ್ರಿಯಿಂದ ಅವಳ ನಿದ್ದೆ ಹಾಳಾಯಿತು, ನಾಚಿಕೆಯಿಲ್ಲದೆ ಹೇಳುತ್ತೇನೆ, ಪ್ರೀತಿಯಿಂದಲೇ ಹಾಳಾಯಿತು.

ಏಳನೆಯ ದಿನ ತಡೆಯಲಾರದೆ ಕೇಳಿಯೇಬಿಟ್ಟಳು. “ತೆರಾದಾ-ಸಾನ್... ಮಿಚಿರು ಅನ್ನೋರು ನಿಮಗೆ ತುಂಬಾ ಬೇಕಾದೋರಾ?”

ಅವನ ಚಾಪ್‌ಸ್ಟಿಕ್ ನಿಂತಿತು. “ಹೂಂ. ತುಂಬಾ.” ತಟ್ಟೆ ಪಕ್ಕಕ್ಕೆ ಸರಿಸಿ ಮತ್ತೆ ಹೇಳಿದ. “ಅವಳಿಗೆ ನಾನೊಂದು ದ್ರೋಹ ಮಾಡಿದೀನಿ. ಮದುವೆ ಮುಂಚೆ ಅದನ್ನ...”

ಮಾತು ಅಲ್ಲಿಗೇ ನಿಂತಿತು. ಇನ್ನೊಂದು ನಿಮಿಷ ಬಾಯಿ ಮುಚ್ಚಿಕೊಂಡು ಕೂತಿದ್ದರೆ ಅವನು ಮುಗಿಸುತ್ತಿದ್ದ. ಆದರೆ ಶಿಹೋ ಕಾಯುವವಳಲ್ಲ.

“ಅರ್ಥ ಆಯ್ತು ಬಿಡಿ,” ಅಂದಳು, ನಗುವಂತೆ ಮಾಡಿ. “ಹಳೇ ವಿಷಯಗಳು ಎಲ್ಲರಿಗೂ ಇರ್ತವೆ.”

ಏನೂ ಅರ್ಥವಾಗಿರಲಿಲ್ಲ. ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿ ಪೂರ್ತಿ ಕಥೆ ಕಟ್ಟಿದಳು. ಅವನು ಪ್ರೀತಿಸಿದವಳು ಮಿಚಿರು. ಕೈಕೊಟ್ಟವನು ಇವನು. ಈಗ ಅವಳು ಬೇರೆಯವನ ಕೈ ಹಿಡಿಯುವ ದಿನ ಇವನ ಕೊನೆಯ ಕಾಣಿಕೆ... ‘ಅದನ್ನು ನುಡಿಸಿಕೊಡುವ ಕೂಲಿಯಾಳು ನಾನು!’

* * *

ಬುಧವಾರ ಮಧ್ಯಾಹ್ನ ಶಾಲೆಯ ಪುಟ್ಟ ಸಭಾಂಗಣ ಎರಡು ಗಂಟೆ ಖಾಲಿ ಇತ್ತು. ಮಸಾಕಿ ಮೈಕು ಹೊಂದಿಸಿ, ಗಾಳಿಯ ಸದ್ದು ಬರದಂತೆ ಕಿಟಕಿಯ ಸಂದಿಗೆ ಫೆಲ್ಟ್ ತುರುಕಿ, ಹೆಡ್‌ಫೋನ್ ಹಾಕಿಕೊಂಡು ಕೂತ.

ಶಿಹೋ ನುಡಿಸಿದಳು. ಹದಿನೇಳು ತೂತುಗಳಿಗೂ ಸಿ.ಡಿ.ಯಲ್ಲಿದ್ದ ಸ್ವರಗಳನ್ನೇ ಒಂದೊಂದಾಗಿ ತುಂಬಿದಳು. ಐದನೇ ಹಾಳೆಯ ಎಂಟು ಸೆಕೆಂಡಿಗೆ ತಾನೇ ಕಟ್ಟಿದ ಒಂದು ಓಟ ಸೇರಿಸಿದಳು. ‘ಮಿಚಿರು ಯಾರೇ ಆಗಿರಲಿ, ಅವನ ಕೊಡುಗೆ ಕುಂಟಬಾರದು’ ಅಂದುಕೊಂಡಿದ್ದಳು. ಕೆಟ್ಟ ಮನಸ್ಸಿನಿಂದ ಮಾಡಿದ್ದಲ್ಲ.

ಕೈ ಎತ್ತಿ ತಿರುಗಿ ನೋಡಿದಳು. ಮಸಾಕಿಯ ಮುಖ ಬಿಳಿಚಿತ್ತು.

“ಜಾಗಗಳನ್ನೆಲ್ಲ ತುಂಬಿಸಿಬಿಟ್ರಿ,” ಅಂದ ಮೆಲ್ಲಗೆ.

“ತಪ್ಪುಗಳನ್ನ ಸರಿ ಮಾಡ್ದೆ. ಮೂಲ ಸಂಗೀತ ನನಗೆ ಗೊತ್ತು.”

“ನೀವು ನುಡಿಸಿದ್ದು ಸರಿಯಾಗೇ ಇದೆ, ನಿಶಿನೋ-ಸಾನ್. ಆದ್ರೆ ಇದು ಅದಲ್ಲ.”

“ಮತ್ತೆ ಅದು ಯಾವುದು? ಹೇಳಿ.”

ಅವನು ಹೇಳಲಿಲ್ಲ. ಮೈಕಿನ ತಂತಿಯನ್ನು ಸುರುಳಿ ಸುತ್ತುತ್ತಾ ನಿಂತ. ಆ ಮೌನ ಶಿಹೋಳ ಮೈಮೇಲೆ ಹರಿದಾಡಿದಂತಾಯಿತು. ಬಾಯಿ ತಾನಾಗಿ ತೆರೆದುಕೊಂಡಿತು.

“ನಾನೇ ಹೇಳ್ತೀನಿ. ಅವರ ಜೊತೆ ಕೇಳಿದ ರಾಗ ಇದು. ಈಗ್ಲೂ ನಿಮಗೆ ಮರೆಯೋಕೆ ಆಗ್ತಿಲ್ಲ. ಇನ್ನೊಬ್ಬರ ಹೆಂಡತಿ ಆಗೋಳಿಗೆ ಅವಳ ಮದುವೆ ದಿನವೇ ಇದನ್ನ ಕೇಳಿಸಬೇಕು, ಅಲ್ವಾ? ಅದಕ್ಕೆ ನನ್ನ ಕೈ ಬೇಕಿತ್ತು. ಕೈ ಮಾತ್ರ.”

ಮಸಾಕಿ ತಲೆಯೆತ್ತಿದ. ಅವನ ಕಣ್ಣಲ್ಲಿ ಸಿಟ್ಟಿಗಿಂತ ಆಶ್ಚರ್ಯವೇ ಹೆಚ್ಚಿತ್ತು. ಬಾಯಿ ತೆರೆದ...

ಅಷ್ಟರಲ್ಲಿ ಅವಳು ಕೋಟು ತೆಗೆದುಕೊಂಡು ಬಾಗಿಲು ದಾಟಿಯಾಗಿತ್ತು.

* * *

ಗುರುವಾರ ಹೇಗೋ ಕಳೆಯಿತು. ಶುಕ್ರವಾರ ಕಳೆಯಲೇ ಇಲ್ಲ.

ಪಾಠದಲ್ಲಿ ಮಗುವೊಂದು “ಟೀಚರ್, ನೀವು ತಾಳ ತಪ್ತಿದೀರ” ಅಂದಿತು. ಅನ್ನ ಬೇಯಿಸಲು ಇಟ್ಟು ಸ್ವಿಚ್ ಹಾಕುವುದನ್ನೇ ಮರೆತಳು. ಫೋನನ್ನು ನೂರು ಸಲ ತಿರುವಿದಳು. ಮನೆಯಲ್ಲಿ ಇರಲಾರದೆ, ಗಾಳಿಗೆ ಮುಖ ಕೊಟ್ಟು, ಎಲ್ಲಿಗೆಂದು ಗೊತ್ತಿಲ್ಲದೆ ನಡೆದಳು.

ಹಳೆಯ ಸಾಮಾನಿನ ಅಂಗಡಿಯೊಂದರ ಬಾಗಿಲಲ್ಲಿ ಕಾಲು ನಿಂತಿತು. ಒಳಗಿನಿಂದ ಹಿಮನದಿಯ ರಾಗ ಕೇಳುತ್ತಿತ್ತು.

ಮೂಲೆಯ ಹಳೇ ಟಿವಿಯಲ್ಲಿ ಹಳದಿ ನರಿ ಚೀಲ ಹೊತ್ತು ನಿಂತಿತ್ತು. “ಆಡಿ ನೋಡಿ, ನಡೀತಿದೆ ಇನ್ನೂ,” ಅಂದರು ಅಂಗಡಿಯ ಮುದುಕರು.

ಅವಳು ಬದುಕಿನಲ್ಲಿ ಮೊದಲ ಸಲ ಆಟದ ಗುಂಡಿಗಳಿದ್ದ ಪುಟ್ಟ ಪೆಟ್ಟಿಗೆಯನ್ನು ಕೈಗೆತ್ತಿಕೊಂಡಳು. ನರಿ ಓಡಿತು. ಹಳ್ಳ ಬಂತು. ಒತ್ತಿದಳು.

ಪುಯ್! ನರಿ ಹಾರಿತು. ಅದೇ ಗಳಿಗೆಗೆ ರಾಗದ ಒಂದು ಸ್ವರ ಮಾಯವಾಯಿತು.

ಶಿಹೋ ಕಣ್ಣು ಮಿಟುಕಿಸಿದಳು. ಮತ್ತೆ ಹಾರಿಸಿದಳು. ಮತ್ತೊಂದು ಸ್ವರ ಹೋಯಿತು.

“ಯಾಕೆ... ರಾಗ ಯಾಕೆ ತುಂಡಾಗ್ತಿದೆ?”

“ಹಳೇ ಯಂತ್ರ ಅಲ್ವೇನಮ್ಮ,” ಮುದುಕರು ನಕ್ಕರು. “ಒಂದೇ ಸಲಕ್ಕೆ ನಾಕೈದು ದನಿ ಅಷ್ಟೇ ಅದರ ಶಕ್ತಿ. ಹಾರೋ ಸದ್ದಿಗೆ ಜಾಗ ಬೇಕು ಅಂದ್ರೆ ರಾಗ ಸ್ವಲ್ಪ ಬಾಯಿ ಮುಚ್ಕೋಬೇಕು. ಆಡಿದ ಮಕ್ಕಳಿಗೆಲ್ಲ ಗೊತ್ತು. ಸಿ.ಡಿ. ಕೇಳಿದೋರಿಗೆ ಗೊತ್ತಿಲ್ಲ.”

ಹದಿನೇಳು ತೂತು. ಹದಿನೇಳು ಹಾರಾಟ! ಅವನು ಮರೆತಿರಲಿಲ್ಲ. ಯಾರೋ ಒಬ್ಬರು, ಯಾವುದೋ ಒಂದು ದಿನ, ಎಲ್ಲೆಲ್ಲಿ ಗುಂಡಿ ಒತ್ತಿದರೆಂಬುದನ್ನೂ ಬಿಡದೆ ನೆನಪಿಟ್ಟಿದ್ದ.

ಹಾಗಾದರೆ ಆ ಎಂಟು ಸೆಕೆಂಡು?

“ಅಜ್ಜ, ಸಂಗೀತ ಪೂರ್ತಿ ನಿಂತುಹೋಗೋದು ಯಾವಾಗ? ನಿಂತು, ಮತ್ತೆ ನಿಂತಲ್ಲಿಂದಲೇ ಶುರುವಾಗೋದು?”

“ನಡುವೆ ಇದೆಯಲ್ಲ, ಆ ಗುಂಡಿ ಒತ್ತಿ. ಆಟ ತಡೆಯೋದು.”

ಒತ್ತಿದಳು. ನರಿ ಹಳ್ಳದ ಅಂಚಿನಲ್ಲಿ ಹಾಗೇ ನಿಂತಿತು. ಸಂಗೀತ ನಿಂತಿತು. ಅಂಗಡಿಯೊಳಗೆ ಗಾಳಿಯ ಸದ್ದು ಮಾತ್ರ ಉಳಿಯಿತು.

“ಆಟದ ಮಧ್ಯ ಮಕ್ಕಳು ಇದನ್ನ ಯಾಕೆ ಒತ್ತುತ್ತಾರೆ?”

“ಯಾರಾದ್ರೂ ಕರೆದ್ರೆ ಒತ್ತುತ್ತಾರೆ. ಇನ್ಯಾಕೆ?”

ಶಿಹೋ ಗುಂಡಿಗಳ ಪೆಟ್ಟಿಗೆಯನ್ನು ಕೆಳಗಿಟ್ಟಳು. ಬೇಗ ಬೇಗ ಬಗ್ಗಿ ವಂದಿಸಿ ಓಡಿದಳು.

* * *

ಮಸಾಕಿಯ ಕೆಲಸದ ಕೋಣೆ ನದಿಯ ಆಚೆ. ಬಿಚ್ಚಿಟ್ಟ ಪಿಯಾನೋದ ಎದುರು ಅವನು ನೆಲದ ಮೇಲೆ ಕೂತಿದ್ದ. ಬಾಗಿಲಲ್ಲಿ ಉಸಿರು ಕಟ್ಟಿ ನಿಂತವಳನ್ನು ಕಂಡು ಎದ್ದ.

“ತೆರಾದಾ-ಸಾನ್, ಒಂದೇ ಪ್ರಶ್ನೆ. ಐದನೇ ಹಾಳೇಲಿ ನರಿ ನಿಂತಾಗ... ಯಾರು ಕರೆದ್ರು?”

ಅವನ ಮುಖ ಬದಲಾಯಿತು. ತುಟಿ ಅಲುಗಿತು, ಮಾತು ಬರಲಿಲ್ಲ.

ಶಿಹೋಳ ನಾಲಿಗೆಯ ತುದಿಗೆ ಹತ್ತು ಉತ್ತರಗಳು ಬಂದವು. ಹತ್ತನ್ನೂ ನುಂಗಿಕೊಂಡಳು. ಉಗುರು ಅಂಗೈಗೆ ಒತ್ತಿಹಿಡಿದು ಕಾದಳು. ಗೋಡೆಯ ಗಡಿಯಾರ ಟಕ್ ಟಕ್ ಅನ್ನುತ್ತಿತ್ತು. ಇಷ್ಟು ಕಷ್ಟದ ಕೆಲಸವನ್ನು ಅವಳು ಬದುಕಿನಲ್ಲೇ ಮಾಡಿರಲಿಲ್ಲ.

“ಅಮ್ಮ,” ಅಂದ ಕೊನೆಗೆ. “‘ಅನ್ನ ಆರ್ತಿದೆ, ಬನ್ರೋ’ ಅಂತ. ನಮ್ಮಿಬ್ಬರನ್ನೂ. ನನ್ನನ್ನ, ಅಕ್ಕನ್ನ.”

“ಅಕ್ಕ?”

“ಮಿಚಿರು.”

ಶಿಹೋ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅಲ್ಲೇ ಕುಕ್ಕರಿಸಿದಳು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಬುಧವಾರ ತಾನಾಡಿದ ಒಂದೊಂದು ಮಾತೂ ಕಿವಿಯಲ್ಲಿ ಸುತ್ತಿತು.

ಅವನು ಅವಳ ಎದುರು ಕೂತು, ಟೇಪಿನ ಕಥೆಯನ್ನು ಮೊದಲಿನಿಂದ ಹೇಳಿದ. ಅಮ್ಮ ಹೋಗಿ ಹನ್ನೆರಡು ವರ್ಷ. ಅಮ್ಮನ ದನಿ ಉಳಿದದ್ದು ಅದೊಂದರಲ್ಲೇ. ಸಿ.ಡಿ.ಗೆ ಇಳಿಸಿ ಅಕ್ಕನಿಗೆ ಕೊಡೋಣವೆಂದು ಹಾಕಿದ ದಿನವೇ ಅದು ಹರಿದು ಹೋಯಿತು.

“ಅಮ್ಮನ ದನಿ ಬರೆಯೋಕೆ ನನಗೆ ಬರಲ್ಲ, ನಿಶಿನೋ-ಸಾನ್. ಅದು ಇದ್ದ ಜಾಗ ಮಾತ್ರ ಗೊತ್ತು. ಅದನ್ನ ಬರೆದೆ.”

ಆ ಜಾಗವನ್ನು ತಾನು ಓಟದ ಸ್ವರಗಳಿಂದ ಮುಚ್ಚಿದ್ದೆ ಅಂತ ನೆನೆದು ಶಿಹೋಳ ಕಣ್ಣು ತುಂಬಿತು.

“ಮದುವೆ ನಾಡಿದ್ದು ಅಲ್ವಾ?” ಮೂಗು ಒರೆಸಿಕೊಂಡಳು. “ನಾಳೆ ಬೆಳಿಗ್ಗೆ ಸಭಾಂಗಣ ಖಾಲಿ ಇದೆ. ಬೀಗದ ಕೈ ನನ್ನ ಹತ್ರಾನೇ ಇದೆ. ಬರ್ತೀರಾ?”

ಶನಿವಾರ ಬೆಳಿಗ್ಗೆ ಒಂಬತ್ತು ಸಲ ನುಡಿಸಿದಳು. ಎಂಟರಲ್ಲಿ ಆ ಎಂಟು ಸೆಕೆಂಡು ಐದಕ್ಕೋ ಆರಕ್ಕೋ ಮುಗಿದುಹೋಗುತ್ತಿತ್ತು. ಒಂಬತ್ತನೆಯದರಲ್ಲಿ ಅವಳು ಎಣಿಸುವುದನ್ನೇ ಬಿಟ್ಟು, ಅಡುಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತ ಯಾರೋ ಒಬ್ಬರು ಮಾತು ಮುಗಿಸಲೆಂದು ಕಾದಳು. ಕೈ ಇಳಿಸಿದಾಗ ಸರಿಯಾಗಿ ಎಂಟಾಗಿತ್ತು.

ಮಸಾಕಿ ಹೆಡ್‌ಫೋನ್ ತೆಗೆಯಲೇ ಇಲ್ಲ. ಅವನ ಹೆಗಲು ಅಲುಗುತ್ತಿತ್ತು.

* * *

ಭಾನುವಾರ ಮದುವೆಯ ಊಟದ ಮನೆಯಲ್ಲಿ ಶಿಹೋ ಧ್ವನಿಯಂತ್ರದ ಪಕ್ಕದಲ್ಲಿ ನಿಂತಿದ್ದಳು. ಹುಡುಗಿಯ ಕಡೆಯ ಮೇಜಿನಲ್ಲಿ ವಯಸ್ಸಾದ ಅಪ್ಪ, ಪಕ್ಕದ ಖಾಲಿ ಕುರ್ಚಿಯ ಮೇಲೆ ಅಮ್ಮನ ಫೋಟೋ. ಮಸಾಕಿ ಬೆಳಿಗ್ಗೆಯೇ ಅಕ್ಕನಿಗೆ ಟೇಪ್ ಹೋದದ್ದನ್ನು ಹೇಳಿಬಿಟ್ಟಿದ್ದ. ಮಿಚಿರು ಬಿಳಿ ಉಡುಗೆಯಲ್ಲಿ ಕೂತು, ಹೆತ್ತವರಿಗೆ ಮದುಮಗಳು ಓದುವ ಕಾಗದವನ್ನು ಓದಿ ಮುಗಿಸಿದ್ದಳು. ತಮ್ಮನ ಕಡೆ ಒಂದು ಸಲವೂ ನೋಡಿರಲಿಲ್ಲ.

ಪಿಯಾನೋ ಶುರುವಾಯಿತು. ನರಿ ಓಡಿತು. ಸ್ವರಗಳು ಅಲ್ಲಲ್ಲಿ ಹಾರಿಹೋದವು. ಮದುಮಗಳ ಹೆಬ್ಬೆರಳು ಮೇಜಿನ ಬಟ್ಟೆಯ ಮೇಲೆ ಅಲುಗಿದ್ದನ್ನು ಶಿಹೋ ಕಂಡಳು. ಒಂದೊಂದು ಹಾರಾಟಕ್ಕೂ ತಪ್ಪದೆ ಒತ್ತುತ್ತಿತ್ತು.

ಐದನೇ ಹಾಳೆ ಬಂತು. ಸಂಗೀತ ನಿಂತಿತು.

ನೆಂಟರು ಮುಖ ಮುಖ ನೋಡಿಕೊಂಡರು. ಯಂತ್ರ ಕೆಟ್ಟಿತೆಂದು ಊಟದ ಮನೆಯ ಕೆಲಸದಾಕೆ ಓಡಿ ಬಂದು ಗುಂಡಿಗೆ ಕೈ ಹಾಕಿದಳು.

“ಮುಟ್ಟಬೇಡಿ,” ಅಂದಳು ಶಿಹೋ. “ಇನ್ನೂ ಇದೆ.”

ಸದ್ದಿಲ್ಲದ ಆ ದೊಡ್ಡ ಕೋಣೆಯಲ್ಲಿ ಮದುಮಗಳು ಫೋಟೋದ ಕಡೆ ತಿರುಗಿದಳು. ಹತ್ತು ವರ್ಷದ ಹುಡುಗಿಯ ದನಿಯಲ್ಲಿ, ಎಲ್ಲರಿಗೂ ಕೇಳುವಂತೆ ಹೇಳಿದಳು.

“ಇನ್ನೊಂದೇ ಒಂದ್ಸಲ, ಅಮ್ಮ. ಬಂದೆ.”

ಸಂಗೀತ ನಿಂತಲ್ಲಿಂದಲೇ ಮುಂದುವರಿಯಿತು. ಮಿಚಿರು ಅಳುತ್ತಾ ನಗುತ್ತಾ ತಮ್ಮನ ಕಡೆ ಕೈ ಚಾಚಿದಳು. ಮಸಾಕಿ ಎದ್ದು ಹೋಗಿ ಆ ಕೈ ಹಿಡಿದುಕೊಂಡ.

ಊಟವಾದ ಮೇಲೆ ಅವನು ಹೊರಗಿನ ಮೆಟ್ಟಿಲಿಗೆ ಬಂದ. ಶಿಹೋ ಕೋಟು ಬಿಗಿದುಕೊಂಡು ನಿಂತಿದ್ದಳು. ಗಾಳಿ ಇಬ್ಬರ ಕೂದಲನ್ನೂ ಕೆದರಿತು.

“ಅಕ್ಕ ನಿಮ್ಮ ಬಗ್ಗೆ ಕೇಳಿದ್ಲು. ಆ ಕೈಗಳು ಯಾರದು ಅಂತ.”

“ಏನಂದ್ರಿ?”

ಅವನು ಮಾತು ನಿಲ್ಲಿಸಿದ. ಶಿಹೋ ತುಟಿ ಬಿಚ್ಚಲಿಲ್ಲ. ಒಂದು, ಎರಡು, ಮೂರು... ಎಂಟೂ ದಾಟಿತು.

“ನೀವು ಏನೂ ಹೇಳಲ್ವಾ?” ಅವನೇ ಕೇಳಿದ, ಸಣ್ಣಗೆ ನಗುತ್ತಾ.

“ಕಾಯ್ತಿದೀನಿ.”

“ಈ ಕೈ ಹಿಡ್ಕೊಂಡೇ ಇರ್ಬೇಕು ಅನ್ಸುತ್ತೆ ಅಂದೆ ಅಕ್ಕನಿಗೆ.” ಅವನು ಅವಳ ತಣ್ಣಗಿನ ಬೆರಳುಗಳನ್ನು ತನ್ನ ಎರಡೂ ಅಂಗೈಯೊಳಗೆ ಸೇರಿಸಿಕೊಂಡ. “ಮನೆಗೆ ಕರ್ಕೊಂಡು ಬಾ, ಅನ್ನ ಆರೋದ್ರೊಳಗೆ ಅಂದ್ಲು. ಬರ್ತೀರಾ... ಶಿಹೋ-ಸಾನ್?”

ಅವನ ಬಾಯಲ್ಲಿ ಮನೆತನದ ಹೆಸರಲ್ಲದೆ ತನ್ನದೇ ಹೆಸರನ್ನು ಅವಳು ಕೇಳಿದ್ದು ಅದೇ ಮೊದಲು.

“ಬಂದೆ,” ಅಂದಳು ಶಿಹೋ. ಅವಸರವಿಲ್ಲದೆ ಮೆಟ್ಟಿಲಿಳಿದಳು.